ತಲೆಕಡೆಯ ಮಣ್ಣು

ಕೆಳಗಿನ ತಿರುವಿನಲ್ಲಿ ಯಾರಾದರೂ ಕಾಣಿಸಿಕೊಂಡರೆ ಬುರ್ಮಾಕಾನ್ ಮೊದಲು ನೋಡುವುದು ಅವರ ಕಾಲನ್ನು. ಮುಖ ಅಷ್ಟು ದೂರಕ್ಕೆ ಕಾಣುವುದೂ ಇಲ್ಲ. ಹೆದ್ದಾರಿಯಿಂದ ಹೊಳೆಯ ಪಕ್ಕದಲ್ಲೇ ಹತ್ತಿ ಬರುವ ಕಾಲುದಾರಿ ಏಳು ಕಡೆ ತಿರುಗುತ್ತದೆ. ಕೊನೆಯ ಮೂರು ತಿರುವು ಅವಳ ಗುಡಿಸಲಿನ ಮುಂದಿನ ಬಂಡೆಯ ಮೇಲೆ ಕೂತರೆ ಚೆನ್ನಾಗಿ ಕಾಣುತ್ತವೆ. ಬೇಡಿಕೆ ಈಡೇರಿದ ಸಂತೋಷದಲ್ಲಿ ಬರುವವರು ಕೈ ಬೀಸಿಕೊಂಡು ಬರುತ್ತಾರೆ. ಮಕ್ಕಳಿಲ್ಲದ ದಂಪತಿಯಾದರೆ ಗಂಡ ಮುಂದೆ, ಹೆಂಡತಿ ನಾಲ್ಕು ಹೆಜ್ಜೆ ಹಿಂದೆ. ಸುಮ್ಮನೆ ನೋಡಲು ಬಂದವರು ತಿರುವಿಗೊಮ್ಮೆ ನಿಂತು ಹಿಂದಿನ ಸರೋವರ ನೋಡುತ್ತಾರೆ. ಮನೆಯಲ್ಲಿ ಕಾಯಿಲೆ ಬಿಟ್ಟು ಬಂದವರು ಮಾತ್ರ ಸರೋವರವನ್ನೂ ನೋಡುವುದಿಲ್ಲ, ಕಾಲ ಬುಡದ ಕಲ್ಲನ್ನೂ ನೋಡುವುದಿಲ್ಲ. ಎಡವುತ್ತಾರೆ, ಎಡವಿದ್ದೇ ಗೊತ್ತಾಗದವರ ಹಾಗೆ ಮುಂದೆ ಬರುತ್ತಾರೆ. ಅಂಥವರಿಗೆ ಅವಳು ಉಪ್ಪು ಚಹಾಕ್ಕೆ ಒಂದಿಷ್ಟು ಬೆಣ್ಣೆ ಹೆಚ್ಚು ಹಾಕುತ್ತಿದ್ದಳು. ಅವರು ಮೇಲೆ ಬಂದು ಮುಟ್ಟುವಷ್ಟರಲ್ಲಿ ಕೆಟಲು ಕುದಿದಿರುತ್ತಿತ್ತು.

ಈ ವಿದ್ಯೆ ಅವಳ ಅಪ್ಪ ಬೈಸಾಲನದು. ಕಾರಾ-ಚಾಪನ್ ಆತಾ ಎಂಬ ಸಂತನ ಮಜಾರಿಗೆ ಬೈಸಾಲ್ ಮುಜಾವರ, ಎಂದರೆ ಗೋರಿ ನೋಡಿಕೊಳ್ಳುವವನು. ಅವನ ಅಪ್ಪನೂ ಅದೇ ಆಗಿದ್ದ. ಇಸಿಕ್-ಕುಲ್ ಸರೋವರದ ದಕ್ಷಿಣ ದಂಡೆಯಲ್ಲಿ ಅಕ್-ಕಪ್ಕಾ ಎಂಬ ಊರು. ಊರಿನ ಮೇಲಿನ ಕಣಿವೆಯ ತುದಿಯಲ್ಲಿ ಒಂದು ಚಿಲುಮೆ, ಬಟ್ಟೆಚೂರುಗಳನ್ನು ಕಟ್ಟಿದ ಒಂದು ಮುದಿಮರ, ಸುತ್ತ ಕಲ್ಲು ಜೋಡಿಸಿದ ಒಂದು ಗೋರಿ. ಮಜಾರೆಂದರೆ ಇಷ್ಟೇ. ಗುಮ್ಮಟವಿಲ್ಲ, ಗೋಡೆಯಿಲ್ಲ. ಇದನ್ನೂ ಇಲ್ಲವಾಗಿಸಲು ಸೋವಿಯತ್ ಕಾಲದಲ್ಲಿ ಅಧಿಕಾರಿಗಳು ಎರಡು ಸಲ ಚಿಲುಮೆಯ ಬಾಯಿಗೆ ಸಿಮೆಂಟು ಸುರಿಸಿದರು. ನೀರು ಎರಡು ಸಲವೂ ಪಕ್ಕದಿಂದ ದಾರಿ ಮಾಡಿಕೊಂಡು ಹೊರಬಂತು. ಬುರ್ಮಾಕಾನ್ ಆಗ ಸರಕಾರಿ ಕೊಟ್ಟಿಗೆಯಲ್ಲಿ ಹಾಲು ಕರೆಯುವ ಹುಡುಗಿ. ಗುರುವಾರ ಬಂತೆಂದರೆ ತಪ್ಪಿಸಿಕೊಂಡ ಕುರಿ ಹುಡುಕುವ ನೆಪದಲ್ಲಿ ಅಪ್ಪನ ಜೊತೆ ಹತ್ತಿ ಹೋಗಿ, ಎಣ್ಣೆಯಲ್ಲಿ ಏಳು ರೊಟ್ಟಿ ಕರಿದು ಇಳಿಯುತ್ತಿದ್ದಳು. ಕಾದ ಎಣ್ಣೆಯ ವಾಸನೆಯೇ ಸತ್ತವರಿಗೆ ಊಟ.

ಸಿಮೆಂಟು ಸುರಿಸಿದ ಅಧಿಕಾರಿಯ ಹೆಂಡತಿಯೇ ಒಂದು ದಿನ ಗಂಡಸಿನ ಟೋಪಿಯಲ್ಲಿ ಮುಖ ಮರೆಮಾಡಿಕೊಂಡು ಎಡವುತ್ತ ಹತ್ತಿ ಬಂದಳು. "ಮಗುಗೆ ಹುಷಾರಿಲ್ಲ" ಎಂದಳು. ಅಷ್ಟೇ. ಬೈಸಾಲ್ ಒಂದು ಮಾತೂ ಆಡದೆ ಗೋರಿಯ ತಲೆಕಡೆಯಿಂದ ಒಂದು ಹಿಡಿ ಮಣ್ಣು ತೆಗೆದು ಬಿಳಿ ಬಟ್ಟೆಯಲ್ಲಿ ಕಟ್ಟಿ ಬಲಗೈಯಿಂದ ಕೊಟ್ಟ. ಅವಳು ಇಳಿದು ಹೋದ ಮೇಲೆ ಮಗಳು ಸಿಡುಕಿದಳು.

"ಯಾರು ಅಂತ ಗೊತ್ತಾಯ್ತು ತಾನೇ ನಿಂಗೆ? ಒಂದ್ ಮಾತಾದ್ರೂ ಕೇಳ್ಬಾರ್ದಿತ್ತಾ?"

"ಕಾಯಿಲೆ ಮಗು ಅಂತ ಬಾಯಿಂದ ಬಂದ್ಮೇಲೆ ಮುಜಾವರ ಏನೂ ಕೇಳ್ಬಾರ್ದು ಕಣೆ. ಯಾರು, ಏನು, ಎಲ್ಲಿ, ಒಂದೂ ಕೇಳ್ಬಾರ್ದು. ಕೇಳಿದ್ರೆ ಕೊಡೋಳು ನೀನಾಗ್ಬಿಡ್ತೀಯ. ಕೊಡೋನು ನಮ್ಮ ಆತಾ. ನೀನು ಬರೀ ಸೌಟು."

"ಸುಳ್ಳು ಹೇಳಿದ್ರೆ?"

ಬೈಸಾಲ್ ನಕ್ಕಿದ್ದ. "ಹೆತ್ತ ಮಗೂಗೆ ಹುಷಾರಿಲ್ಲ ಅಂತ ಗೋರಿ ಮುಂದೆ ನಿಂತು ಸುಳ್ಳು ಹೇಳೋ ತಾಯಿ ಇನ್ನೂ ಹುಟ್ಟಿಲ್ಲ."

ಆ ಮಣ್ಣಿನ ಮಹತ್ವವನ್ನು ಅಕ್-ಕಪ್ಕಾದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬೈಸಾಲನ ಅಣ್ಣ ಯುದ್ಧಕ್ಕೆ ಹೋಗಿ ದೂರದಲ್ಲೇ ಸತ್ತಿದ್ದ. ಎಷ್ಟೋ ವರ್ಷಗಳ ಮೇಲೆ ಅವನ ಗೋರಿಯಿಂದ ಯಾರೋ ಒಂದು ಹಿಡಿ ಮಣ್ಣು ತಂದುಕೊಟ್ಟರು. ಅದನ್ನು ಊರ ಮಣ್ಣಿಗೆ ಸೇರಿಸಿ ಗೋರಿ ಕಟ್ಟಿದ ದಿನ ಬುರ್ಮಾಕಾನಳ ಅಜ್ಜಿ ಅಲ್ಲಿಯವರೆಗೆ ತಡೆದಿಟ್ಟ ಅಳುವನ್ನೆಲ್ಲ ಅತ್ತಳು. ಮಣ್ಣು ಬಂತೆಂದರೆ ಮನುಷ್ಯ ಬಂದ ಹಾಗೆ. ಹಾಗಾಗಿ ಸಂತನ ತಲೆಕಡೆಯ ಮಣ್ಣು ಕಾಯಿಲೆಯ ಮಗುವಿಗಲ್ಲದೆ ಬೇರಾವುದಕ್ಕೂ ಮಜಾರು ಬಿಟ್ಟು ಹೋಗುವಂತಿರಲಿಲ್ಲ. ಮಗುವಿನ ದಿಂಬಿನ ಕೆಳಗೆ ನಲವತ್ತು ದಿನ ಇದ್ದು, ಆಮೇಲೆ ಹರಿಯುವ ನೀರಿಗೆ ಸೇರಬೇಕು. ಕೊಟ್ಟ ಮಣ್ಣನ್ನು ಮರಳಿ ಕೇಳುವ ಪದ್ಧತಿಯಿಲ್ಲ.

ಕಾಲ ಬದಲಾಯಿತು, ಸಂತರು ಮತ್ತೆ ಬೇಕಾದರು. ಗಂಡುಮಕ್ಕಳಿಲ್ಲದ ಬೈಸಾಲ್ ಸಾಯುವಾಗ ಚಿಲುಮೆಯ ತಾಮ್ರದ ಬಟ್ಟಲನ್ನು ಮಗಳ ಕೈಗಿಟ್ಟ. ಹೆಂಗಸು ಮುಜಾವರಳೇ ಎಂದು ಒಂದು ಚಳಿಗಾಲ ಗೊಣಗಿದ ಊರು ವಸಂತ ಬರುವಷ್ಟರಲ್ಲಿ ಸುಮ್ಮನಾಯಿತು. ಬುರ್ಮಾಕಾನಳಿಗೂ ಅವಳ ಗಂಡ ತೊಕ್ತೊಸುನನಿಗೂ ಮಕ್ಕಳಾಗಲಿಲ್ಲ. ಮಕ್ಕಳಿಲ್ಲದವರಿಗೆ ಬಟ್ಟಲಲ್ಲಿ ನೀರು ಕೊಡುವಾಗ ಅವಳು ತನ್ನ ಬಗ್ಗೆ ಯೋಚಿಸಿದ್ದೇ ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಕಾನಿಶಾಯ್ ಆ ಊರಿಗೆ ಸೊಸೆಯಾಗಿ ಬಂದ ವರ್ಷದಿಂದ ಆ ಯೋಚನೆ ಕಡಿಮೆಯಾಯಿತು.

ಅವರಲ್ಲಿ ಮದುವೆಯಾಗುವ ಜೋಡಿ ಹೆತ್ತವರಲ್ಲದೆ ಇನ್ನೊಂದು ಜೊತೆ ತಂದೆತಾಯಿಯನ್ನು ಆರಿಸಿಕೊಳ್ಳುತ್ತಾರೆ. ಅವರಿಗೆ ಒಕುಲ್ ತಂದೆ, ಒಕುಲ್ ತಾಯಿ ಎಂದು ಹೆಸರು. ಗಂಡ ಹೆಂಡತಿ ಜಗಳವಾಡಿದರೆ ಬುದ್ಧಿ ಹೇಳುವವರು ಅವರು, ಮಗು ಹುಟ್ಟಿದರೆ ಮೊದಲು ಎತ್ತಿಕೊಳ್ಳುವವರು ಅವರು. ಪಟ್ಟಣದಲ್ಲಿ ಓದಿ ಬಂದ, ಮೂರು ಭಾಷೆ ಮಾತಾಡುವ ಕಾನಿಶಾಯ್ ಊರಿನ ಶ್ರೀಮಂತರನ್ನೆಲ್ಲ ಬಿಟ್ಟು ಮುಜಾವರಳ ಮುಂದೆ ಬಂದು ತಲೆಬಾಗಿದಳು. "ಅಪಾ, ನನ್ನ ಒಕುಲ್ ತಾಯಿ ನೀವಾಗ್ಬೇಕು" ಎಂದಳು. ಹೆತ್ತ ತಾಯಿಯನ್ನೂ ಹಿರಿಯ ಹೆಂಗಸರನ್ನೂ ಅವರು ಅಪಾ ಎನ್ನುತ್ತಾರೆ. ಬುರ್ಮಾಕಾನ್ ಆ ಮಾತಿಗೆ ಕರಗಿದಳು. ಕಾನಿಶಾಯಳ ಮಗಳು ಬೆಗಾಯಿಮ್ ಹುಟ್ಟಿದಾಗ ಆ ಮಗುವಿಗೆ ಪದ್ಧತಿಯ ನಲವತ್ತು ಚಮಚ ನೀರಿನ ಸ್ನಾನ ಮಾಡಿಸಿದ್ದೂ ಅವಳೇ.

ಕಾನಿಶಾಯ್ ಬಿಡುವಾದಾಗಲೆಲ್ಲ ಮೇಲೆ ಬರುತ್ತಿದ್ದಳು. ಬಂಡೆಯ ಮೇಲೆ ಒಟ್ಟಿಗೆ ಕೂತು ನಡಿಗೆ ಓದುವುದನ್ನು ಕಲಿತಳು.

"ಆ ಹಸಿರು ಕೋಟಿನ ಗಂಡಸು?"

"ಸುಮ್ನೆ ನೋಡೋಕೆ ಬಂದವನು, ಅಪಾ. ಎರಡು ಸಲ ನಿಂತ."

"ಬೂಟು ಕಚ್ತಿದೆ ಅವನಿಗೆ, ಹುಚ್ಚಿ. ಹಿಮ್ಮಡಿ ನೋಡು."

ಇಬ್ಬರೂ ನಗುತ್ತಿದ್ದರು. ಕೆಲವು ವರ್ಷಗಳಲ್ಲಿ ಕಾನಿಶಾಯ್ ಯಾತ್ರಿಕರ ಗುಂಪುಗಳನ್ನು ತಾನೇ ಕರೆತರತೊಡಗಿದಳು. ಮೊದಲು ಒಂದು ವ್ಯಾನು, ಆಮೇಲೆ ಬಸ್ಸು, ಆಮೇಲೆ ದೊಡ್ಡದೊಂದು ಪ್ರವಾಸ ಕಂಪನಿಯ ಬಸ್ಸುಗಳು. ರಾಜಧಾನಿ ಬಿಶ್ಕೆಕ್‌ನಿಂದ ಬಂದರು, ಗಡಿಯಾಚೆಯಿಂದ ಬಂದರು. ಚಿಲುಮೆಯ ಬಳಿ ಒಬ್ಬ ಯುವಕ ಫೋನನ್ನು ಆಕಾಶಕ್ಕೆ ಹಿಡಿದು, "ಅಪಾ, ಇಲ್ಲಿ ನೆಟ್‌ವರ್ಕೇ ಸಿಗಲ್ವಾ?" ಎಂದ. "ಆತಾನ ಜೊತೆ ಮಾತಾಡೋಕೆ ಬಂದ್ಯಾ, ಹೆಂಡ್ತಿ ಜೊತೆನಾ?" ಎಂದು ಬುರ್ಮಾಕಾನ್ ಕೇಳಿದಾಗ ಬಸ್ಸಿನವರೆಲ್ಲ ನಕ್ಕರು. ಜನ ಹೆಚ್ಚಾದದ್ದು ಅವಳಿಗೆ ಬೇಸರವಲ್ಲ. ಅಪ್ಪ ಕದ್ದುಮುಚ್ಚಿ ಕರಿದ ರೊಟ್ಟಿಯನ್ನು ಈಗ ಹಾಡಹಗಲೇ ನೂರು ಜನ ಮುರಿದು ತಿನ್ನುತ್ತಿದ್ದರು.

ತಕರಾರು ಬಂದದ್ದು ದಾರಿಯ ವಿಷಯಕ್ಕೆ. ಕಂಪನಿಯವರ ಲೆಕ್ಕದಲ್ಲಿ ಒಂದು ದಿನಕ್ಕೆ ಐದು ಮಜಾರು ಮುಗಿಯಬೇಕು. ಕಾರಾ-ಚಾಪನ್ ಆತಾ ಒಬ್ಬನಿಗೇ ಅರ್ಧ ದಿನ ಹೋಗುತ್ತಿತ್ತು. ಬಸ್ಸು ಹತ್ತುವ ರಸ್ತೆ ಮಾಡಿಸೋಣ ಎಂದು ಕಾನಿಶಾಯ್ ಹೇಳಿದಳು.

"ನಡ್ಕೊಂಡು ಬರಬೇಕು, ಮಗಳೇ. ನಡೆಯೋದೇ ಅರ್ಧ ಪ್ರಾರ್ಥನೆ."

"ಮಂಡಿ ನೋವಿನ ಮುದುಕಿಯರು ಏನ್ಮಾಡ್ಬೇಕು ಅಪಾ? ಬಸ್ಸಲ್ಲೇ ಕೂತು ಅಳ್ತಾರೆ. ನಾನು ನೋಡಿದೀನಿ."

"ಅವ್ರಿಗೆ ನಾನು ನೀರು ಕಳಿಸ್ತೀನಲ್ಲ."

"ಬಾಟಲಿ ನೀರಿಗೆ ಬರ್ತಾರಾ ಅವರು?"

ಆ ಮಾತು ಸುಳ್ಳಲ್ಲವೆಂದು ಬುರ್ಮಾಕಾನಳಿಗೂ ಗೊತ್ತಿತ್ತು. ಆದರೂ ಅವಳು ಒಪ್ಪಲಿಲ್ಲ. ಕಾನಿಶಾಯ್ ಮತ್ತೆ ಆ ಮಾತೆತ್ತಲಿಲ್ಲ. ಒಪ್ಪಿಕೊಂಡಳೆಂದು ಬುರ್ಮಾಕಾನ್ ತಿಳಿದಳು.

ಮರುವರ್ಷ ಏಪ್ರಿಲಿನಲ್ಲಿ, ಏಪ್ರಿಕಾಟ್ ಮರಗಳು ಹೂಬಿಟ್ಟ ವಾರ, ಕೊನೆಯ ತಿರುವುಗಳಲ್ಲಿ ಒಬ್ಬಳು ಹೆಂಗಸು ಕಂಡಳು. ಸರೋವರದ ಕಡೆ ನೋಡಲಿಲ್ಲ. ಎರಡನೆಯ ತಿರುವಿನಲ್ಲಿ ಎಡವಿದಳು, ಕೈಯೂರಿ ಎದ್ದಳು, ಮಣ್ಣು ಕೊಡವಿಕೊಳ್ಳದೆ ನಡೆದಳು. ಬುರ್ಮಾಕಾನ್ ಆಗಲೇ ಎದ್ದು ಬೆಣ್ಣೆಯ ಪಾತ್ರೆಗೆ ಕೈಹಾಕಿದ್ದಳು. ಹತ್ತಿರ ಬಂದಾಗ ನೋಡಿದರೆ ಕಾನಿಶಾಯ್! ತಲೆಯ ಮೇಲೆ ವಸ್ತ್ರವಿಲ್ಲ. ಹೊಸ್ತಿಲಲ್ಲೇ ಕುಸಿದು ಕೂತಳು.

"ಅಪಾ... ಬೆಗಾಯಿಮ್‌ಗೆ ಹುಷಾರಿಲ್ಲ. ರಕ್ತದಲ್ಲಿ ಏನೋ ಇದೆಯಂತೆ. ಬಿಶ್ಕೆಕ್ ಆಸ್ಪತ್ರೆಲಿ ಇದಾಳೆ, ಡಾಕ್ಟ್ರು ತಲೆ ಅಲ್ಲಾಡಿಸ್ತಾರೆ."

ಬುರ್ಮಾಕಾನ್ ಏನೂ ಕೇಳಲಿಲ್ಲ. ಮನೆಯಲ್ಲಿದ್ದ ಬಿಳಿ ಬಟ್ಟೆ ಹರಿದು, ಅದರ ಮೂಲೆಗೆ ನೀಲಿ ದಾರದಲ್ಲಿ ನಾಲ್ಕು ಹೊಲಿಗೆ ಹಾಕಿದಳು. ಮೊಮ್ಮಗಳಿಗೆಂದು ಹಾಕಿದ ಹೊಲಿಗೆ ಅದು, ಉಳಿದವರಿಗೆ ಅವಳು ಹಾಕುತ್ತಿರಲಿಲ್ಲ. ತಲೆಕಡೆ ಮಂಡಿಯೂರಿ ಒಂದು ಹಿಡಿ ತೆಗೆಯುವಾಗ, ಒಂದು ಹಿಡಿ ಸಾಲದೇನೋ ಎಂದು ಅಳುಕಿ ಎರಡನೆಯದನ್ನೂ ತೆಗೆದಳು. ಅಪ್ಪ ಎಂದೂ ಹಾಗೆ ಮಾಡಿರಲಿಲ್ಲ.

ಆಮೇಲಿನ ನಲವತ್ತು ದಿನ ಅವಳು ಮಾಂಸ ಮುಟ್ಟಲಿಲ್ಲ. ಗುರುವಾರ ಗುರುವಾರ ಏಳು ರೊಟ್ಟಿಯ ಬದಲು ಎರಡು ಏಳು ಕರಿದಳು. ಬೆಗಾಯಿಮ್ ತೊಡುತ್ತಿದ್ದ ಹಳದಿ ಅಂಗಿಯ ಅಂಚನ್ನು ಮರಕ್ಕೆ ಕಟ್ಟಿ, ದಿನವೂ ಅದನ್ನು ಹಿಡಿದು, ಆ ಕಾಯಿಲೆಯನ್ನು ನನಗೆ ಕೊಡು ಎಂದು ಬೇಡಿದಳು. ಗಂಡ ತೊಕ್ತೊಸುನ್ ಸತ್ತಾಗಲೂ ಅವಳು ಸಂತನನ್ನು ಅಷ್ಟು ಪೀಡಿಸಿರಲಿಲ್ಲ. ನಲವತ್ತು ದಿನ ಕಳೆದ ಮೇಲೆ ಕಾನಿಶಾಯ್ ಹೇಳಿಕಳಿಸಿದಳು: ಮಗು ಹುಷಾರಾಗಿದೆ. ಆ ದಿನ ಬುರ್ಮಾಕಾನ್ ಚಿಲುಮೆಯ ಪಕ್ಕ ಕೂತು ಸಣ್ಣ ಹುಡುಗಿಯ ಹಾಗೆ ಅತ್ತಳು.

ಜೂನಿನಲ್ಲಿ ಕಾನಿಶಾಯ್ ತಾನೇ ಬಂದಳು. ಹೆದ್ದಾರಿಯ ಪಕ್ಕ ಕಂಪನಿಯವರು ಯಾತ್ರಿಕರಿಗೆ ಒಂದು ಕಟ್ಟಡ ಕಟ್ಟಿದ್ದಾರೆ, ಅದರ ಉದ್ಘಾಟನೆಗೆ ಅಪಾ ಬಂದು ಬಾತಾ ಕೊಡಬೇಕು ಎಂದಳು. ಬಾತಾ ಎಂದರೆ ಅಂಗೈ ಚಾಚಿ ಹರಸುವುದು. ಹಿರಿಯರು ಒಮ್ಮೆ ಕೊಟ್ಟ ಬಾತಾವನ್ನು ಯಾರೂ ಹಿಂತೆಗೆಯಲಾರರು.

"ಏನು ಕಟ್ಟಡ?"

"ತಂಗೋಕೆ, ಊಟಕ್ಕೆ, ಅಪಾ. ನೀವು ಎರಡು ಮಾತು ಹೇಳಿದ್ರೆ ಸಾಕು. ಬೆಗಾಯಿಮೂ ಬರ್ತಾಳೆ."

ಬುರ್ಮಾಕಾನ್ ಮದುವೆಗಳಿಗೆಂದು ಎತ್ತಿಟ್ಟಿದ್ದ ಮಖಮಲ್ಲಿನ ನಿಲುವಂಗಿ ತೊಟ್ಟು ಇಳಿದಳು.

ರಸ್ತೆಬದಿಯಲ್ಲಿ ಆರು ಬಸ್ಸು ನಿಂತಿದ್ದವು. ಊಟದ ಮನೆ ಇತ್ತು, ನಿಜ. ಅದರ ಪಕ್ಕದಲ್ಲಿ ನೀಲಿ ಹೆಂಚಿನ ಗುಮ್ಮಟವೊಂದು ಎದ್ದಿತ್ತು, ಅದರ ಮುಂದೆ ಜನ ಸಾಲಾಗಿ ನಿಂತಿದ್ದರು. ಊರಿನ ಐಮಾನ್ಕುಲ್ ಮೊಣಕೈಯಿಂದ ತಿವಿದಳು.

"ನೋಡ್ದ್ಯಾ ಬುರ್ಮಾಕಾನ್? ನಮ್ ಆತಾನಿಗೂ ಮಂಡಿನೋವು ಬಂತು ಅನ್ಸುತ್ತೆ. ಬೆಟ್ಟ ಇಳಿದು ಬಸ್‌ಸ್ಟ್ಯಾಂಡಿಗೇ ಬಂದ್ಬಿಟ್ಟ!"

ಬುರ್ಮಾಕಾನಳಿಗೆ ಅರ್ಥವಾಗಲಿಲ್ಲ. ಅವಳು ಒಳಗೆ ಹೋದಳು. ಗುಮ್ಮಟದ ಕೆಳಗೆ ಅಮೃತಶಿಲೆಯ ಹೊಸ ಗೋರಿ. ಅದರ ತಲೆಕಡೆ ಗಾಜಿನ ಪೆಟ್ಟಿಗೆಯೊಳಗೆ ಬಿಚ್ಚಿಟ್ಟ ಬಿಳಿ ಬಟ್ಟೆ, ಅದರ ಮೇಲೆ ಎರಡು ಹಿಡಿಯಷ್ಟು ಮಣ್ಣು. ಬಟ್ಟೆಯ ಮೂಲೆಯಲ್ಲಿ ನಾಲ್ಕು ನೀಲಿ ಹೊಲಿಗೆ.

ಮುದುಕಿಯೊಬ್ಬಳು ಊರುಗೋಲನ್ನು ಬದಿಗಿಟ್ಟು ಗಾಜಿಗೆ ಹಣೆ ತಾಗಿಸಿ ಬಿಕ್ಕುತ್ತಿದ್ದಳು. ಇದು ಸುಳ್ಳು ಗೋರಿ ಎಂದು ಅವಳಿಗೆ ಹೇಳುವುದು ಹೇಗೆ? ಸುಳ್ಳಾಗಿರಲಿಲ್ಲ. ಮಣ್ಣು ಬಂದಿತ್ತು, ಮನುಷ್ಯ ಬಂದ ಹಾಗೆಯೇ. ಕಳಿಸಿಕೊಟ್ಟವಳು ತಾನೇ.

ಯಾರೋ ಹಿಂದಿನಿಂದ ಬಂದು ಸೊಂಟ ತಬ್ಬಿದರು. ಬೆಗಾಯಿಮ್. ಎಂಟು ವರ್ಷದ ಹುಡುಗಿ, ಕೆನ್ನೆ ಕೆಂಪಗೆ, ಮುಂದಿನ ಹಲ್ಲೊಂದು ಬಿದ್ದಿತ್ತು.

"ಬಾ ನನ್ ಕಂದಾ. ರಕ್ತದ ಕಾಯಿಲೆ ಪೂರ್ತಿ ಹೋಯ್ತಾ? ಆಸ್ಪತ್ರೆಲಿ ಸೂಜಿ ಚುಚ್ಚಿದ್ರಾ ತುಂಬಾ?"

"ಯಾವ ಆಸ್ಪತ್ರೆ?" ಹುಡುಗಿ ನಕ್ಕಳು. "ಏಪ್ರಿಲಲ್ಲಿ ನಾನು ಬಿಶ್ಕೆಕ್‌ಗೆ ಡ್ಯಾನ್ಸ್ ಸ್ಪರ್ಧೆಗೆ ಹೋಗಿದ್ದೆ ಅಪಾ. ಎರಡನೇ ಬಹುಮಾನ ಬಂತು! ಅಮ್ಮ ಹೇಳ್ಲಿಲ್ವಾ?"

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಕೇಳಿಸಿಕೊಂಡಿದ್ದಳು. ಹುಡುಗಿಯನ್ನು ಹೊರಗೆ ಕಳಿಸಿ ಹತ್ತಿರ ಬಂದಳು.

"ಅಪಾ, ಬೈಯಿರಿ. ಆದ್ರೆ ಆ ಮುದುಕಿನ ನೋಡಿ. ಇಪ್ಪತ್ತು ವರ್ಷದಿಂದ ಬರ್ಬೇಕು ಅಂತಿದ್ದಳಂತೆ. ಇವತ್ತು ಬಂದಳು. ಇದು ತಪ್ಪಾ?"

"ನನ್ನ ಕೇಳ್ಬೇಕಿತ್ತು."

"ಕೇಳಿದ್ರೆ ಕೊಡ್ತಿದ್ರಾ?"

"ಇಲ್ಲ."

"ಅದಕ್ಕೇ, ಅಪಾ."

ಬುರ್ಮಾಕಾನಳ ಕಣ್ಣು ಕಾನಿಶಾಯಳ ಕಾಲಿಗೆ ಇಳಿಯಿತು. ಹೊಸ ಬೂಟು, ನೆಟ್ಟಗೆ ನಿಂತ ಪಾದ. "ಆ ದಿನ ಎಡವಿದೆಯಲ್ಲ. ಎರಡನೇ ತಿರುವಲ್ಲಿ."

ಕಾನಿಶಾಯ್ ಬೂಟನ್ನು ಹಿಂದಕ್ಕೆಳೆದುಕೊಂಡಳು. ಅವಳ ಮುಖ ಮೊದಲ ಸಲ ಕೆಂಪಾಯಿತು.

"ನಾನೇ ಕಲಿಸಿದ್ದು" ಎಂದಳು ಬುರ್ಮಾಕಾನ್.

ಹೊರಗೆ ಧ್ವನಿವರ್ಧಕದಲ್ಲಿ ಅವಳ ಹೆಸರು ಕೂಗಿದರು. ಮೂರನೇ ತಲೆಮಾರಿನ ಮುಜಾವರಳು, ನಮ್ಮೆಲ್ಲರ ಬುರ್ಮಾಕಾನ್ ಅಪಾ! ಯಾರೋ ತೋಳು ಹಿಡಿದು ಮೆಟ್ಟಿಲ ಮೇಲೆ ನಿಲ್ಲಿಸಿದರು. ಮುನ್ನೂರು ಜನ ಅಂಗೈ ಮೇಲೆ ಮಾಡಿ ಕಾದರು. ಅಂಗೈಯನ್ನು ಹೊರಮುಖವಾಗಿ ತಿರುಗಿಸಿದರೆ ಅದೇ ಶಾಪ. ಜನ್ಮದಲ್ಲಿ ಒಮ್ಮೆಯೂ ಅವಳು ಹಾಗೆ ಮಾಡಿದವಳಲ್ಲ, ಮಾಡುವವರನ್ನು ಕಂಡವಳೂ ಅಲ್ಲ. ಆ ಕ್ಷಣದಲ್ಲಿ ಅವಳ ಮಣಿಕಟ್ಟು ತಿರುಗಲು ಹೊರಟದ್ದು ಅವಳಿಗೇ ಗೊತ್ತಾಯಿತು. ಮೊದಲ ಸಾಲಿನಲ್ಲಿ ಬೆಗಾಯಿಮ್ ತನ್ನ ಪುಟ್ಟ ಅಂಗೈ ಚಾಚಿ ನಿಂತಿದ್ದಳು. ಆರೋಗ್ಯವಾಗಿದ್ದ ಆ ಮಗುವಿನ ಮೇಲೆ ತಾನು ನಲವತ್ತು ದಿನ ಕಾಯಿಲೆಯ ಹೆಸರು ಹೇಳಿದ್ದು ನೆನಪಾಗಿ ಅಂಗೈಯನ್ನು ಮತ್ತೆ ಮೇಲೆ ಮಾಡಿದಳು.

"ಬೆಗಾಯಿಮ್ ಅನ್ನೋ ಈ ಹುಡುಗಿ ಮೇಲೆ ಬಿದ್ದ ಮಾತು ಗಾಳಿಗೆ ಹೋಗಲಿ" ಎಂದಳು. "ಇಲ್ಲದ ಕಾಯಿಲೆ ಇಲ್ಲದಂಗೇ ಇರಲಿ. ಇವಳ ಕಾಲು ಕುಣೀತಿರಲಿ. ಓಮಿನ್."

ಅಷ್ಟು ಹೇಳಿ ಅಂಗೈಯಿಂದ ಮುಖ ಸವರಿಕೊಂಡಳು. ಗುಮ್ಮಟದ ಹೆಸರೆತ್ತಲಿಲ್ಲ, ಕಟ್ಟಿದವರ ಹೆಸರೂ ಎತ್ತಲಿಲ್ಲ. ಜನ ಒಂದು ಗಳಿಗೆ ಮುಖ ಮುಖ ನೋಡಿಕೊಂಡರು. ಆಮೇಲೆ ಮುನ್ನೂರು ಜನವೂ ಓಮಿನ್, ಹಾಗೇ ಆಗಲಿ, ಎಂದು ಮುಖ ಸವರಿಕೊಂಡರು. "ಅಪಾ ಬಾತಾ ಕೊಟ್ಟರು!" ಎಂದು ಧ್ವನಿವರ್ಧಕ ಕೂಗಿತು. ಟೇಪು ಕತ್ತರಿಸಿದರು. ಅವಳ ಮಾತೂ ಕಂಪನಿಯ ಕೈ ಸೇರಿತು.

ವಾರ ಕಳೆಯುವಷ್ಟರಲ್ಲಿ ಹೆದ್ದಾರಿಯಲ್ಲಿ ಅವಳ ಚಿತ್ರವಿದ್ದ ದೊಡ್ಡ ಬೋರ್ಡು ನಿಂತಿತು. ಮಖಮಲ್ಲಿನ ನಿಲುವಂಗಿ, ಚಾಚಿದ ಅಂಗೈ. ಮುಜಾವರಳ ಬಾತಾ ಪಡೆದ ಮಜಾರು ಎಂದು ಅದರ ಕೆಳಗೆ ಮೂರು ಭಾಷೆಯಲ್ಲಿ ಬರೆದಿತ್ತು. ಕಾಲುದಾರಿಯ ಬಾಯಲ್ಲಿ ಇನ್ನೊಂದು ಪುಟ್ಟ ಬೋರ್ಡು ಇತ್ತು, ಸರೋವರ ನೋಡುವ ಜಾಗಕ್ಕೆ ದಾರಿ ಎಂದು. ಆ ಬೇಸಿಗೆ ಮೇಲೆ ಬಂದವರೆಲ್ಲ ತಿರುವಿಗೊಮ್ಮೆ ನಿಂತವರೇ. ಗೋರಿಯ ಪಕ್ಕ ಕೂತು ಮೊಟ್ಟೆ ಸುಲಿದು ತಿಂದು ಇಳಿದು ಹೋಗುತ್ತಿದ್ದರು. ಕಾನಿಶಾಯ್ ಬರಲಿಲ್ಲ. ಎರಡು ಸಲ ಹಿಟ್ಟು, ಸಕ್ಕರೆ ಕಳಿಸಿದಳು. ಬುರ್ಮಾಕಾನ್ ಅದನ್ನು ಐಮಾನ್ಕುಲಳ ಮನೆಗೆ ಸಾಗಿಸಿದಳು. ಮರಕ್ಕೆ ಕಟ್ಟಿದ್ದ ಹಳದಿ ಅಂಚನ್ನು ಬಿಚ್ಚಿ ಹೊಳೆಗೆ ಬಿಟ್ಟಳು. ಗುರುವಾರದ ಏಳು ರೊಟ್ಟಿಯಲ್ಲಿ ಆರು ಹಕ್ಕಿಗಳ ಪಾಲಾಗುತ್ತಿದ್ದವು.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ತಿರುವಿನಲ್ಲಿ ಒಬ್ಬಳು ಕಂಡಳು. ಬೂದುಬಣ್ಣದ ಶಾಲು, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಸರೋವರದ ಕಡೆ ತಿರುಗಲಿಲ್ಲ. ಎಡವಿದಳು. ಬುರ್ಮಾಕಾನ್ ಬಂಡೆಯ ಮೇಲೆ ಕೂತೇ ನೋಡಿದಳು. ಕೆಟಲನ್ನು ಒಲೆಗಿಟ್ಟದ್ದು ಆ ಹೆಂಗಸು ಅಂಗಳಕ್ಕೆ ಬಂದ ಮೇಲೆ.

"ನಾರಿನ್‌ನಿಂದ ಬಂದೆ, ಅಪಾ. ಮಗೂಗೆ ಹುಷಾರಿಲ್ಲ. ತಲೆಕಡೆ ಮಣ್ಣು ಬೇಕಿತ್ತು."

"ಯಾರ ಮಗು?"

ಮಾತು ಬಾಯಿಂದ ಬಿದ್ದ ಮೇಲೆ ಅದು ತನ್ನದೇ ದನಿ ಎಂದು ಬುರ್ಮಾಕಾನಳಿಗೆ ತಿಳಿಯಿತು. ಆದರೂ ನಿಲ್ಲಲಿಲ್ಲ. "ಎಲ್ಲಿದೆ ಈಗ? ಯಾವ ಆಸ್ಪತ್ರೆ? ಏನು ಕಾಯಿಲೆ? ಫೋಟೋ ಇದೆಯಾ?"

ಹೆಂಗಸು ತಬ್ಬಿಬ್ಬಾದಳು. ಚೀಲ ಕೆಳಗಿಟ್ಟು ಒಳಗೆಲ್ಲ ತಡಕಿದಳು. ಗುಂಡಿ ಒತ್ತುವ ಹಳೆಯ ಫೋನು ಸಿಕ್ಕಿತು, ಅದರಲ್ಲಿ ಚಿತ್ರವಿರಲಿಲ್ಲ. ಔಷಧಿಯ ಚೀಟಿಯೊಂದನ್ನು ತೆಗೆದು ಎರಡೂ ಕೈಯಲ್ಲಿ ಚಾಚಿ ಹಿಡಿದಳು. ಅಧಿಕಾರಿಯ ಮುಂದೆ ಕಾಗದ ಹಿಡಿಯುವವರ ಹಾಗೆ.

"ಇಲ್ಲಿ ಯಾರೂ ಏನೂ ಕೇಳಲ್ಲ ಅಂತ ನಮ್ಮಜ್ಜಿ ಹೇಳ್ತಿದ್ರು" ಎಂದಳು. "ಕೆಳಗಡೆ ಅರ್ಜಿ ಬರೆದುಕೊಡು ಅಂದ್ರು. ಅದಕ್ಕೇ ಮೇಲೆ ಬಂದೆ."

ಬುರ್ಮಾಕಾನ್ ಚೀಟಿಯನ್ನು ತೆಗೆದುಕೊಳ್ಳಲಿಲ್ಲ. ಒಳಗಿಂದ ಬಟ್ಟೆ ತಂದಳು. ತಲೆಕಡೆ ಮಂಡಿಯೂರಿ ಒಂದು ಹಿಡಿ ತೆಗೆದು ಕಟ್ಟಿ ಬಲಗೈಯಿಂದ ಕೊಟ್ಟಳು. ಹೆಂಗಸು ಅದನ್ನು ಎದೆಗೊತ್ತಿಕೊಂಡಳು. ಕೂರಲಿಲ್ಲ, ಬಸ್ಸು ಹೋಗಿಬಿಡುತ್ತದೆ ಎಂದಳು. ಪದ್ಧತಿಯಂತೆ ಹಿಂತಿರುಗಿ ನೋಡದೆ ಇಳಿದಳು.

ಬುರ್ಮಾಕಾನ್ ಬಂಡೆಯ ಮೇಲೆ ನಿಂತು ಅವಳ ಕಾಲನ್ನೇ ನೋಡುತ್ತಿದ್ದಳು. ಕೆಳಗಿನ ತಿರುವಿನಲ್ಲಿ ಆ ಕಾಲು ಮತ್ತೊಮ್ಮೆ ಎಡವಿತು. ನಿಜವಾಗಿ ಎಡವಿದ್ದೋ, ಮೇಲಿನಿಂದ ಮುಜಾವರಳು ನೋಡುತ್ತಿದ್ದಾಳೆಂದು ಎಡವಿದ್ದೋ? ಅರವತ್ತೆರಡು ವರ್ಷದ ಕಣ್ಣಿಗೆ ಅದು ತಿಳಿಯಲಿಲ್ಲ. ಅಪ್ಪನ ಗೋರಿ ಇದ್ದ ಕಡೆಗೆ ಮುಖ ತಿರುಗಿಸಲು ಅವಳಿಗೆ ಧೈರ್ಯ ಬರಲಿಲ್ಲ.

ಒಲೆಯ ಮೇಲಿನ ಕೆಟಲು ಆಗ ಕುದಿಯಿತು.